ಮೂರೂಕಾಲು ಅಡಿಯ ಕಟ್ಟೆ

"ಏನು ಹೊಲಿಸಬೇಕಿತ್ತು?" ಎಂದು ಅವಳು ಕೇಳಿದಾಗ ನಿಜ ಹೇಳುವುದಕ್ಕೆ ಅವನಿಗೆ ಬೇಕಾದಷ್ಟು ಸಮಯವಿತ್ತು.

ಅವನು ಬಂದದ್ದು ಹೊಲಿಸುವುದಕ್ಕಲ್ಲ. ವಸತಿ ಕಚೇರಿಯ ನಕ್ಷೆ ವಿಭಾಗದಿಂದ, ಅವಳೇ ಬರೆದಿದ್ದ ದೂರಿನ ಪತ್ರವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಪರಿಶೀಲನೆಗೆ ಬಂದಿದ್ದ. ಆದರೆ ಬಾಗಿಲಲ್ಲಿ ನಿಂತವಳು ಕೊರಳಿಗೆ ಟೇಪು ನೇತುಹಾಕಿಕೊಂಡು ಅವನನ್ನು ತಲೆಯಿಂದ ಕೆಳಕ್ಕೆ ನೋಡುತ್ತಾ ಬಂದಳು. ಪ್ಯಾಂಟು ಮುಗಿದು ಕಾಲು ಇನ್ನೂ ಉಳಿದಿದ್ದ ಜಾಗಕ್ಕೆ ಬಂದಾಗ ತುಟಿಯ ಒಂದೇ ಮೂಲೆಯಲ್ಲಿ ನಕ್ಕಳು. ಆ ನಗು ಅವನನ್ನು ಕೆಡಿಸಿತು.

"ಪ್ಯಾಂಟು ಸ್ವಲ್ಪ ಉದ್ದ ಮಾಡಬೇಕಿತ್ತು."

"ಅದು ಕಾಣ್ತಿದೆ. ಬನ್ನಿ."

ಆರಡಿ ಮೂರಂಗುಲದ ಆಳು. ಕಚೇರಿಯಲ್ಲಿ ಎಲ್ಲರೂ ಅವನನ್ನು ಏಣಿ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯೇ ಅವಳ ಅಂಗಡಿ. ಒಂದು ಮಷೀನು, ಒಂದು ಮೇಜು, ಗೋಡೆಗೆ ಉದ್ದ ಕನ್ನಡಿ. ಒಳಗಿನ ಅಡುಗೆಮನೆ ಅಲ್ಲಿಂದಲೇ ಕಾಣುತ್ತಿತ್ತು. ಅವಳ ತಾಯಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ಪಾತ್ರೆಯಲ್ಲಿ ಏನನ್ನೋ ತಿರುವುತ್ತಿದ್ದರು.

"ಅಮ್ಮ ಯಾಕೆ ಹಾಗೆ..." ಅಂದು ಅವನು ತಡೆದ.

"ಸರ್ಕಸ್ ಕಲೀತಿದಾರೆ," ಎಂದಳು ಅವಳು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ. "ಯಾರೋ ಪುಣ್ಯಾತ್ಮ ಮೂರೂಕಾಲು ಅಡಿ ಎತ್ತರಕ್ಕೆ ಕಟ್ಟೆ ಹಾಕಿದಾನೆ. ಅವನ ಮನೇಲಿ ಜಿರಾಫೆ ಅಡುಗೆ ಮಾಡುತ್ತೇನೋ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಜೇಬು ಮುಟ್ಟಿ ನೋಡಿಕೊಂಡ. ಆ ಪುಣ್ಯಾತ್ಮ ಇವನೇ. ಮೂರು ವರ್ಷದ ಹಿಂದೆ, ಈ ಕಾಲೊನಿಯ ನಕ್ಷೆಯಲ್ಲಿ ಕಟ್ಟೆಯ ಎತ್ತರ ತುಂಬಬೇಕಾದ ದಿನ, ಎದ್ದುಹೋಗಿ ನಿಯಮದ ಪುಸ್ತಕ ತೆಗೆಯಲು ಸೋಮಾರಿತನವಾಗಿ, ತಾನೇ ನಿಂತು ಮೊಣಕೈ ಮಡಚಿ, ಅದರಿಂದ ಒಂದು ಗೇಣು ಕೆಳಕ್ಕೆ, ಪಕ್ಕದವನಿಂದ ಅಳತೆ ಹಿಡಿಸಿದ್ದ. ಆರಾಮವಾಗಿತ್ತು. ಬರೆದ. ಮೇಲಿನವರು ನೋಡದೆ ಸಹಿ ಹಾಕಿದರು. ನೂರ ಎಂಬತ್ತು ಅಡುಗೆಮನೆಗಳು ಅವನ ಮೊಣಕೈಗೆ ಸರಿಯಾಗಿ ಎದ್ದು ನಿಂತವು. ಅವನೋ, ಜೀವಮಾನದಲ್ಲಿ ಒಂದು ಈರುಳ್ಳಿ ಹೆಚ್ಚಿದವನಲ್ಲ.

ಅವಳು ಜಿರಾಫೆ ಅಂದಾಗಲೇ ಹೇಳಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಹೇಳಲಿಲ್ಲ. ಅವಳ ಜೊತೆ ಸೇರಿ ನಕ್ಕ.

ಪ್ಯಾಂಟು ಉದ್ದವಾಯಿತು. ಮುಂದಿನ ವಾರ ಅಂಗಿಯ ಬಟ್ಟೆ ತಂದ. ಅದರ ಮುಂದಿನ ವಾರ ಇನ್ನೊಂದು. ಭುಜದ ಅಳತೆಗೆ ಅವಳು ಅಮ್ಮನ ಸ್ಟೂಲನ್ನೇ ಎಳೆದುಕೊಂಡು ಹತ್ತುತ್ತಿದ್ದಳು. ಆಗ ಅವಳ ಉಸಿರು ಅವನ ಕತ್ತಿಗೆ ತಾಕುತ್ತಿತ್ತು, ಅವನು ಕನ್ನಡಿಯಲ್ಲಿ ಅವಳನ್ನು ನೋಡುತ್ತಿದ್ದ, ಅವಳು ಕನ್ನಡಿಯಲ್ಲಿ ಅವನನ್ನು ಹಿಡಿಯುತ್ತಿದ್ದಳು.

"ಹೋದ ವಾರದ ಅಳತೆ ಇದೆಯಲ್ಲ ನಿಮ್ಮ ಹತ್ತಿರ?"

"ಇದೆ. ಬೇಡ ಅಂದರೆ ಇಳೀತೀನಿ."

"ಬೇಡ ಅನ್ನಲಿಲ್ಲ."

"ಹಾಗಾದರೆ ಅಲ್ಲಾಡಬೇಡಿ. ನೆನಪಿನ ಮೇಲೆ ಬಟ್ಟೆ ಕತ್ತರಿಸಬಾರದು. ಮೈ ನೋಡಿ ಕತ್ತರಿಸಬೇಕು."

ಅವಳು ಹಾಸ್ಯಕ್ಕೆ ಹೇಳಿದ ಮಾತು. ಅವನಿಗೆ ಕೆನ್ನೆಗೆ ಹೊಡೆದಂತಾಯಿತು.

ಅವಳ ಅಕ್ಕನ ಮಗಳು, ಒಂಬತ್ತು ವರ್ಷದವಳು, ಶಾಲೆ ಮುಗಿಸಿ ಬಂದು ಮಷೀನಿನ ಪಕ್ಕ ಬಟ್ಟೆಚೂರು ಜೋಡಿಸುತ್ತಾ ಕೂರುತ್ತಿದ್ದಳು. ಹೊರಗೆ ಮೈದಾನದಲ್ಲಿ ಹುಡುಗರ ಗಲಾಟೆ. ಇವಳ್ಯಾಕೆ ಆಡಲು ಹೋಗುವುದಿಲ್ಲ ಎಂದು ಅವನು ಒಂದು ಸಂಜೆ ಕೇಳಿದ.

"ಅಡುಗೆಮನೆ ಕಿಟಕಿಯಿಂದ ನನಗೆ ಮೈದಾನ ಕಾಣಲ್ಲಪ್ಪ," ಎಂದರು ತಾಯಿ. "ಕಣ್ಣಿಗೆ ಕಾಣದ ಕಡೆ ಹೆಣ್ಣುಮಗೂನ ಹೇಗೆ ಬಿಡಲಿ? ಈ ಸಾಲಿನಲ್ಲಿ ಯಾರೂ ಬಿಡಲ್ಲ."

ಅವನು ಹೋಗಿ ಕಿಟಕಿಯ ಮುಂದೆ ನಿಂತ. ಇಡೀ ಮೈದಾನ, ಆಚೆ ತುದಿಯ ಜಾರುಬಂಡಿಯವರೆಗೂ, ಚೆನ್ನಾಗಿ ಕಾಣುತ್ತಿತ್ತು. ಕಿಟಕಿ ಅವನ ಎದೆಮಟ್ಟಕ್ಕಿತ್ತು. ಇದನ್ನೂ ಬರೆದವನು ಅವನೇ. ಮಗು ತಲೆ ಎತ್ತಿ, "ಮಾಮ, ಯಾರ್ಯಾರು ಆಡ್ತಿದಾರೆ?" ಎಂದು ಕೇಳಿತು. "ಎಲ್ಲಾ ಹುಡುಗರೇ ಪುಟ್ಟಿ," ಎಂದು ಹೇಳಿ ಕಿಟಕಿಯಿಂದ ಈಚೆ ಸರಿದ.

ಅವತ್ತು ಹೇಳಬೇಕೆಂದುಕೊಂಡ. ಹೇಳಿದರೆ ಸ್ಟೂಲು ಹತ್ತಿ ಅಳತೆ ತೆಗೆಯುವವಳು ಮತ್ತೆ ಮುಖ ನೋಡುವುದಿಲ್ಲ ಎಂಬ ಭಯ ಬಾಯಿ ಮುಚ್ಚಿಸಿತು. ಮುಂದಿನ ವಾರ ಖಂಡಿತ ಎಂದುಕೊಂಡ. ಮುಂದಿನ ವಾರ ಬರುವಷ್ಟರಲ್ಲಿ ತಾಯಿ ಸ್ಟೂಲಿನಿಂದ ಬಿದ್ದು ಬಲಗೈ ಮುರಿದುಕೊಂಡಿದ್ದರು.

ಅವನು ಹಣ್ಣು ತಂದ. ಔಷಧಿ ಚೀಟಿ ಹಿಡಿದು ಓಡಾಡಿದ. "ಹೊಟ್ಟೇಲಿ ಹುಟ್ಟದಿದ್ದರೂ ಮಗನ ಹಾಗೆ ಮಾಡಿದೆಯಪ್ಪ," ಎಂದು ತಾಯಿ ಎಡಗೈಯಿಂದ ಅವನ ತಲೆ ಸವರಿದಾಗ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ಅವಳು ಬಾಗಿಲವರೆಗೆ ಬಂದು, "ನೀವಿಲ್ಲದಿದ್ದರೆ ನನ್ನ ಕೈಕಾಲೇ ಆಡ್ತಿರಲಿಲ್ಲ," ಎಂದು ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ಅವನು ನೆಲ ನೋಡಿದ.

ಅದೇ ತಿಂಗಳು ಪಕ್ಕದ ಬಯಲಿನಲ್ಲಿ ಇನ್ನೂ ಮುನ್ನೂರು ಮನೆ ಎಂದು ಆದೇಶ ಬಂತು. "ಹಳೇ ನಕ್ಷೆಗೇ ಹೊಸ ದಿನಾಂಕ ಹಾಕಿ ಕೊಡ್ರೀ ಏಣಿ, ಎರಡು ವಾರದಲ್ಲಿ," ಎಂದರು ಮೇಲಿನವರು. ಅವನು ಪೆನ್ನು ಹಿಡಿದು ಕೂತ. ಸಹಿ ಹಾಕಲಾಗಲಿಲ್ಲ. ನಿಯಮದ ಪುಸ್ತಕ ತೆಗೆದು ನೋಡಿದರೆ ಅದರ ಅಳತೆಯೂ ಯಾರೋ ಗಂಡಸಿನದೇ ಇರಬೇಕು. ಅವಳ ತಾಯಿಗೆ ಅದೂ ಎತ್ತರವೇ.

ಆ ಸಂಜೆ ಅಂಗಡಿಯಲ್ಲಿ ಅವಳು ಚಹಾ ತರಲು ಒಳಗೆ ಹೋಗಿದ್ದಾಗ ಮೇಜಿನ ಮೇಲಿದ್ದ ಅಳತೆ ಪುಸ್ತಕದ ಮೇಲೆ ಅವನ ಕಣ್ಣು ಬಿತ್ತು. ಒಂದೊಂದು ಹೆಸರಿನ ಕೆಳಗೂ ಭುಜದಿಂದ ನೆಲಕ್ಕೆ ಎಷ್ಟು, ಭುಜದಿಂದ ಮೊಣಕೈಗೆ ಎಷ್ಟು. ಒಂದರಲ್ಲಿ ಇನ್ನೊಂದು ಕಳೆದರೆ ನೆಲದಿಂದ ಮೊಣಕೈ, ಅದರಲ್ಲಿ ಒಂದು ಗೇಣು ಕಳೆದರೆ ಕಟ್ಟೆ. ಇಡೀ ಕಾಲೊನಿಯ ಹೆಂಗಸರ ಕಟ್ಟೆಯ ಎತ್ತರ ಈ ಪುಸ್ತಕದಲ್ಲಿತ್ತು, ಯಾವ ಕಚೇರಿಯಲ್ಲೂ ಇಲ್ಲದ್ದು. ಅವನು ಅವಸರದಿಂದ ಪುಟ ತಿರುವತೊಡಗಿದ.

"ಮುಚ್ಚಿ ಅದನ್ನ."

ಅವಳು ಬಾಗಿಲಲ್ಲಿದ್ದಳು. "ಹೆಂಗಸರ ಅಳತೆ ಅದು. ನನ್ನ ನಂಬಿ ಕೊಟ್ಟಿರೋದು. ನೀವು ಇಂಥವರು ಅಂದ್ಕೊಂಡಿರಲಿಲ್ಲ ನಾನು."

"ಇಂಥವನಲ್ಲ," ಎಂದ ಅವನು. "ಇದಕ್ಕಿಂತ ಕೆಟ್ಟವನು."

ಜೇಬಿನಿಂದ ಪತ್ರ ತೆಗೆದು ಮೇಜಿನ ಮೇಲಿಟ್ಟ. ಮಡಿಕೆಯಲ್ಲಿ ಹರಿಯುವಷ್ಟು ಸವೆದಿತ್ತು. ಅವಳು ಬಿಡಿಸಿ ನೋಡಿದಳು. ತನ್ನದೇ ಅಕ್ಷರ, ತನ್ನದೇ ಸಹಿ. ಅವನು ಎಲ್ಲವನ್ನೂ ಹೇಳಿದ, ಮೊಣಕೈ ಮಡಚಿ ನಿಂತದ್ದರಿಂದ ಹಿಡಿದು ಹೊಸ ಮುನ್ನೂರು ಮನೆಗೆ ಅಳತೆ ಹುಡುಕಿ ಪುಸ್ತಕ ತೆರೆದದ್ದರವರೆಗೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ಹಿತವಾಗುತ್ತಿತ್ತು.

"ಎಷ್ಟು ದಿನದಿಂದ ಇದೆ ಇದು ನಿಮ್ಮ ಜೇಬಲ್ಲಿ?"

"ಒಂಬತ್ತು ವಾರ."

"ಅಮ್ಮ ಬಿದ್ದು ಮೂರು ವಾರ."

ಲೆಕ್ಕ ಅವನಿಗೆ ಗೊತ್ತಿತ್ತು. ಅವಳ ಬಾಯಲ್ಲಿ ಕೇಳಿದಾಗ ಮುಖ ಮುಚ್ಚಿಕೊಳ್ಳಬೇಕೆನಿಸಿತು. "ಜಿರಾಫೆ ಅಂತ ನಾನು ನಗಾಡಿದಾಗ ನೀವೂ ನಕ್ಕಿರಿ," ಎಂದಳು ಅವಳು ಮೆಲ್ಲಗೆ. "ಕಟ್ಟೆ ತಪ್ಪಿದ್ದು ಬಿಡಿ, ತಿಳೀದೆ ಆಯ್ತು. ನಕ್ಕಿರಲ್ಲ, ಅದನ್ನ ಎಲ್ಲಿಡಲಿ? ಹೋಗಿ ಈಗ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅವನ ಮಾನ ಹೋದದ್ದು ಒಂದು ಸಣ್ಣ ನಗೆಗೆ. ಮರುದಿನ ಕಚೇರಿಯಲ್ಲಿ, ತಪ್ಪು ನನ್ನದು, ಈ ನಕ್ಷೆ ಹೋಗಬಾರದು ಎಂದು ಬರೆದುಕೊಟ್ಟ. ಮೇಲಿನವರು ಉರಿದುಬಿದ್ದರು. "ಹಾಗಾದರೆ ಯಾರ ಅಳತೆಗೆ ಕಟ್ಟಬೇಕ್ರೀ? ಹನ್ನೆರಡು ದಿನ ಇದೆ. ಅಳತೆ ತಂದರೆ ನೀವು ಉಳಿದಿರಿ, ಇಲ್ಲಾಂದರೆ ಹಳೇದೇ ಹೋಗುತ್ತೆ." ಅವನ ಹತ್ತಿರ ಯಾವ ಅಳತೆಯೂ ಇರಲಿಲ್ಲ. ಅವಳ ಮನೆಯ ಕಡೆ ಹೋಗುವ ಮುಖವೂ ಇರಲಿಲ್ಲ.

ನಾಲ್ಕನೇ ದಿನ ಅವಳೇ ಕಚೇರಿಗೆ ಬಂದಳು, ಪುಸ್ತಕವನ್ನು ಎದೆಗವಚಿಕೊಂಡು. ಕೂರಲಿಲ್ಲ.

"ನಿಮಗೋಸ್ಕರ ಬಂದಿಲ್ಲ. ಆ ಮುನ್ನೂರು ಮನೆಗೋಸ್ಕರ ಬಂದಿದೀನಿ. ಆದರೆ ಇದು ನನ್ನ ಸೊತ್ತಲ್ಲ. ಅವರವರ ಅಳತೆ ಅವರವರನ್ನೇ ಕೇಳಬೇಕು. ಕೇಳೋರು ನೀವು. ಮೊದಲು ಯಾರು ನೀವು ಅಂತ ಹೇಳಬೇಕು."

ಸಂಜೆ ಸಂಜೆ ಅವರಿಬ್ಬರೂ ಬಾಗಿಲು ತಟ್ಟುತ್ತಾ ಹೊರಟರು. ಬಾಗಿಲು ತೆರೆದವರು "ಯಾರಿವರು?" ಎಂದರೆ ಅವಳು "ಡ್ರಾಯಿಂಗ್ ಬರೆದವರು," ಎಂದು ಪಕ್ಕಕ್ಕೆ ಸರಿಯುತ್ತಿದ್ದಳು. ಉಳಿದದ್ದನ್ನು ಅವನು ಹೇಳಬೇಕು. ಒಬ್ಬಾಕೆ ಭುಜ ತೋರಿಸಿ, "ರಾತ್ರಿ ಈ ಕಡೆ ತಿರುಗಿ ಮಲಗೋಕಾಗಲ್ಲ ಕಣ್ರೀ," ಎಂದಳು. ಒಬ್ಬಾಕೆ ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿಕೊಂಡಳು. ಅಜ್ಜಿಯೊಬ್ಬಳು ಮಾತ್ರ, "ನನಗೇನೂ ತೊಂದರೆ ಇಲ್ಲಪ್ಪ, ನಮ್ಮನೇಲಿ ಅಡುಗೆ ಮಾಡೋದು ಯಜಮಾನರೇ, ಅವರಿಗೆ ಸರಿಹೋಗಿದೆ," ಎಂದು ಬಾಯಿ ತುಂಬ ನಕ್ಕಳು. ಜೊತೆಗಿದ್ದವಳಿಗೂ ನಗು ಬಂತು. ತಡೆದುಕೊಂಡು ಅವನ ಕಡೆ ನೋಡಿದಳು, ಅವನು ನಗಲಿಲ್ಲ. ಅದನ್ನು ಅವಳು ಗಮನಿಸಿದ್ದು ಅವನಿಗೆ ಗೊತ್ತಾಗಲಿಲ್ಲ.

ಏಳನೆಯ ಸಂಜೆ ಮುಗಿಯುವಾಗ ಪಟ್ಟಿಯಲ್ಲಿ ನೂರ ನಲವತ್ತೆರಡು ಅಳತೆಗಳಿದ್ದವು, ಒಂದಕ್ಕೂ ಹೆಸರಿಲ್ಲ. ಅವಳ ಮನೆಯ ಮೆಟ್ಟಿಲ ಹತ್ತಿರ ಅವನು ನಿಂತ.

"ಇಷ್ಟು ಬಾಗಿಲಲ್ಲಿ ಹೇಳಿದೆ. ನಿಮಗೆ ಹೇಳಬೇಕಾದ್ದು ಒಂದು ಉಳಿದಿದೆ. ಹೇಳೋ ಯೋಗ್ಯತೆ ಇಲ್ಲ."

"ಯೋಗ್ಯತೆ ಬರೋವರೆಗೆ ಕಾಯೋಕೆ ನನಗೆ ಪುರುಸೊತ್ತಿಲ್ಲ. ಹೇಳಿ."

"ನಿಮ್ಮನ್ನ ಪ್ರೀತಿಸ್ತೀನಿ. ಅದಕ್ಕೇ ಹೆದರಿದೆ. ಹೆದರಿ ಅಮ್ಮನ ಕೈ ಮುರಿದೆ. ನೀವು ಬೇಡ ಅಂದರೂ ನ್ಯಾಯವೇ."

ಅವಳು ಅವನ ಅಂಗಿಯ ತೋಳು ಹಿಡಿದು, ಮಣಿಕಟ್ಟಿನ ಹತ್ತಿರ ಬಿಚ್ಚಿದ್ದ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು. ಅಷ್ಟು ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

"ಪಟ್ಟಿಯಲ್ಲಿ ಅಮ್ಮನ ಅಳತೆ ಇನ್ನೂ ಬರೆದಿಲ್ಲ," ಎಂದಳು. "ಅವರಿಗೆ ನಾನು ಏನೂ ಹೇಳಿಲ್ಲ. ನೀವೇ ಹೇಳಬೇಕು. ಬೈದರೆ ಬೈಸ್ಕೊಳ್ಳಿ, ಅತ್ತರೆ ಓಡಿಹೋಗಬೇಡಿ."

ಅವಳೇ ಬಾಗಿಲು ತಟ್ಟಿದಳು. ಒಳಗೆ ಕುರ್ಚಿ ಸರಿದ ಸದ್ದಾಯಿತು, ತಾಯಿ ಪಟ್ಟಿ ಕಟ್ಟಿದ ಕೈಯನ್ನು ಹಿಡಿದುಕೊಂಡು ನಿಧಾನವಾಗಿ ಬರುತ್ತಿರಬೇಕು. "ಯಾರದು?" ಎಂದರು.

ಅವನು ತಲೆ ತಗ್ಗಿಸಿದ. ಆ ವಾರವೆಲ್ಲ ಕೇಳಿದ 'ಡ್ರಾಯಿಂಗ್ ಬರೆದವರು' ಎಂಬ ಆ ಎರಡು ಪದಗಳಿಗೆ ಕಾದ.

"ನಮ್ಮವರು, ಅಮ್ಮ," ಎಂದಳು ಅವಳು. "ಬಾಗಿಲು ತೆಗಿ. ನಿನ್ನ ಹತ್ತಿರ ಏನೋ ಹೇಳಬೇಕಂತೆ."