ಎಡಗಡೆ ಮಂಕು

ಒಂದು ಊರಿನಲ್ಲಿ ಕಿವಿಯಿಂದಲೇ ಅನ್ನ ದುಡಿಯುವ ಹುಡುಗಿಯೊಬ್ಬಳಿದ್ದಳಂತೆ. ರಾಜಕುಮಾರಿಯಲ್ಲ, ಶಾಪ ಹೊತ್ತವಳೂ ಅಲ್ಲ... ಹಾಗೆಂದು ಅವಳೇ ಅಂದುಕೊಂಡಿದ್ದಳು.

ಇಯರ್‌ಫೋನ್ ತಯಾರಿಸುವ ಕಂಪನಿಯಲ್ಲಿ ಅವಳಿಗೆ ಕೆಲಸ. ಹೊಸ ಮಾದರಿ ಬಂದಾಗಲೆಲ್ಲ ಕಿವಿಯೊಳಗಿಟ್ಟು ಹತ್ತು ನಿಮಿಷ ಕೇಳಬೇಕು. ದನಿಗೆ ಹತ್ತಕ್ಕೆಷ್ಟು, ಹಿತಕ್ಕೆ ಹತ್ತಕ್ಕೆಷ್ಟು ಎಂದು ಬರೆಯಬೇಕು. ಅಳೆಯಲು ಯಂತ್ರವೂ ಇತ್ತು. ಆದರೆ ಯಂತ್ರ ಹಿಡಿಯದ ಕರಕರ ಸದ್ದೊಂದನ್ನು ಅವಳು ಒಮ್ಮೆ ಹಿಡಿದ ಮೇಲೆ, ಅಲ್ಲಿ ಯಂತ್ರಕ್ಕಿಂತ ಅವಳ ಮಾತೇ ಮೇಲಾಗಿತ್ತು. ಎಲ್ಲರ ಬಾಯಲ್ಲೂ ಅವಳು ‘ಕಿವಿಯಕ್ಕ’.

ಆ ದಿನ ಅವಳ ಮೇಜಿನ ಮೇಲೆ ಮೂರು ಹಾಳೆಗಳು ಪಟಪಟನೆ ಬಂದು ಬಿದ್ದವು.

“ಇದನ್ನ ಬರೆದಿದ್ದು ನೀವೇನಾ?”

ತಲೆಯೆತ್ತಿದಳು. ನಿದ್ದೆಗೆಟ್ಟ ಕಣ್ಣು, ಮಡಚಿದ ಅಂಗಿಯ ತೋಳು, ಬೆರಳ ತುದಿಯಲ್ಲಿ ಬೆಸುಗೆಯ ಸುಟ್ಟ ಕಲೆ. ಇಯರ್‌ಫೋನಿನ ದನಿ ಹದ ಮಾಡುವವನು. ಹದ ಮಾಡುವವರೂ ಅಂಕ ಕೊಡುವವರೂ ಭೇಟಿಯಾಗಬಾರದೆಂಬುದು ಕಚೇರಿಯ ನಿಯಮ. ಮುಖ ನೋಡಿದರೆ ಅಂಕ ಮೆತ್ತಗಾಗುತ್ತದಂತೆ.

“ನಾನೇ. ಯಾಕೆ?”

“ಮೂರು ಸಲಾನೂ ಒಂದೇ ಮಾತು. ‘ಎಡಗಡೆ ಮಂಕು, ದನಿಯ ಅಂಚು ಸವೆದಿದೆ.’ ಯಂತ್ರದಲ್ಲಿ ಎರಡೂ ಕಡೆ ಸಮ ಬರುತ್ತೆ. ನನ್ನ ಕಿವಿಗೂ ಸಮ. ನಿಮಗೊಬ್ಬರಿಗೆ ಯಾಕೆ ಮಂಕು?”

“ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಅದಕ್ಕೆ.”

ಸಿಟ್ಟಾಗುತ್ತಾನೆಂದುಕೊಂಡಳು. ಅವನು ನಕ್ಕುಬಿಟ್ಟ. ಆ ನಗು ಅವಳ ಎದೆಯಲ್ಲಿ ಎಲ್ಲೋ ಹೋಗಿ ಕುಳಿತುಬಿಟ್ಟಿತು...

“ಹೆಗ್ಗಣಾನೇ ಅನ್ಕೊಳ್ಳಿ. ನೀವು ಹೇಳಿದ ಹಾಗೇ ತಿದ್ದಿ ತರ್ತೀನಿ. ಆದ್ರೆ ಹತ್ತು ನಿಮಿಷಕ್ಕೆ ತೀರ್ಪು ಬೇಡ. ಮೂರು ಗಂಟೆ ಕಿವಿಯಲ್ಲಿಟ್ಕೊಂಡು ಕೇಳಿ. ಆಮೇಲೆ ಏನೇ ಬರೆದ್ರೂ ಒಪ್ತೀನಿ.”

“ಆಯ್ತು. ಮಾತು ಕೊಟ್ಟೆ.”

ಕಚೇರಿಯ ನಿಯಮ ಮೆಟ್ಟಿಲ ತಿರುವಿನಲ್ಲಿ ಸಡಿಲವಾಯಿತು. ಎರಡು ತಿಂಗಳು, ಎರಡು ಲೋಟ ಚಹಾ, ಒಂದೇ ಕಿಟಕಿ. ಅವಳ ಒಂದು ಮಾತಿಗಾಗಿ ಅವನು ಎಡಗಡೆಯ ದನಿಯನ್ನು ದಿನವೂ ಕೂದಲೆಳೆಯಷ್ಟು ಏರಿಸುತ್ತಿದ್ದ.

“ನನ್ನ ಕಿವಿ ಒಪ್ತಿಲ್ಲ,” ಅನ್ನುತ್ತಿದ್ದ. “ಆದ್ರೂ ನಿಮ್ಮ ಕಿವೀನ ನಂಬ್ತೀನಿ.”

ಯಾರಾದರೂ ಹೀಗೆ ನಂಬಿದರೆ ಯಾವ ಹುಡುಗಿ ತಾನೇ ಸೋಲದೆ ಉಳಿದಾಳು?

ತಿದ್ದಿದ ಮಾದರಿ ಬಂತು. ಕೇಳುವ ಕೋಣೆಯ ಬಾಗಿಲು ಹಾಕಿ ಕುಳಿತಳು. ನಲವತ್ತು ನಿಮಿಷಕ್ಕೆ ಎಡಗಿವಿ ಯಾಕೋ ಕುಟುಕತೊಡಗಿತು. ತೆಗೆದು ಒರೆಸಿ, ರಬ್ಬರ್ ಸಡಿಲವಾಗಿದೆಯೇ ಎಂದು ನೋಡಲು ಆ ಎಡದ್ದನ್ನೇ ಬಲಗಿವಿಗೆ ಹಿಡಿದಳು.

ದನಿ ಚುಚ್ಚಿತು. ಸೂಜಿಯಂತೆ.

ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಕೂರುವಂತೆ ಅವನ್ನು ಕಡೆದಿರುತ್ತಾರೆ. ಅದಲು ಬದಲು ಮಾಡಿ ನೋಡುವ ಪ್ರಮೇಯ ಅವಳಿಗೆ ಎಂದೂ ಬಂದಿರಲಿಲ್ಲ. ಈಗ ಬಲದ್ದನ್ನು ಎಡಗಿವಿಗೆ ಒತ್ತಿದಳು.

ಮಂಕು... ಅದೇ ಮಂಕು.

ಸಂಜೆ ಕಿವಿಯ ಡಾಕ್ಟರಮ್ಮ ಪರೀಕ್ಷೆಯ ಚೀಟಿ ನೋಡಿ ಕನ್ನಡಕ ತೆಗೆದರು. “ಎಡಗಡೆ ನರ ಸೋತಿದೆ. ಹೋದದ್ದು ವಾಪಸ್ ಬರಲ್ಲಮ್ಮ.”

“ಬಲಗಡೆ?”

“ಈಗ ಚೆನ್ನಾಗಿದೆ. ಮುಂದೆ ಹೇಳೋಕಾಗಲ್ಲ.”

ಮರುದಿನವೇ ತಿದ್ದಿದ ಮಾದರಿಯ ಬಗ್ಗೆ ಉಳಿದ ಪರೀಕ್ಷಕರ ಹಾಳೆಗಳು ಬಂದವು. ಎಡಗಡೆ ಕರ್ಕಶ, ತಲೆನೋವು, ಹತ್ತಕ್ಕೆ ಎರಡು. ಮುಖ್ಯಸ್ಥೆ ಆ ಮಾದರಿಯನ್ನೇ ನಿಲ್ಲಿಸಿ, ಅವನನ್ನು ಕೆಲಸದಿಂದ ಬಿಡಿಸಿದರು. ತಿಂಗಳ ಕೊನೆಗೆ ಹೊರಡಬೇಕು.

ಅವನು ಮೆಟ್ಟಿಲ ತಿರುವಿನಲ್ಲಿ ಕಾದಿದ್ದ. ಚಹಾ ಇರಲಿಲ್ಲ.

“ನಿಮಗಾಗಿ ನನ್ನ ಕಿವೀನ ನಾನೇ ಸುಳ್ಳು ಮಾಡ್ಕೊಂಡೆ. ಒಂದೇ ಒಂದು ಹೇಳಿ... ನನ್ನ ಜೊತೆ ಆಟ ಆಡಿದ್ರಾ?”

ಹೇಳಿಬಿಡು, ಹೇಳಿಬಿಡು ಎಂದಿತು ಮನಸ್ಸು. ಹೇಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೂ ಸರಿ, ಕಿವಿಯಿಲ್ಲದ ಕಿವಿಯಕ್ಕನನ್ನು ಇವನು ಕರುಣೆಯಿಂದ ನೋಡಿದರೆ? ಅವಳು ಗೋಡೆ ನೋಡಿದಳು. ಅವನು ಇಳಿದು ಹೋದ.

ಮೂರು ದಿನ ಹಾಗೇ ಕಳೆಯಿತು. ದಿಂಬಿಗೆ ಬಲಗಿವಿ ಒತ್ತಿ ಮಲಗಿದರೆ ಮನೆಯೇ ದೂರ ಹೋದಂತೆ. ಇನ್ನು ಬದುಕೆಲ್ಲ ಹೀಗೆಯೇ? ಕೊನೆಗೆ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಎಲ್ಲವನ್ನೂ ಹೇಳಿಕೊಂಡಳು, ಜೋರಾಗಿ. ಅಜ್ಜಿಗೂ ಕಿವಿ ಅಷ್ಟಕ್ಕಷ್ಟೇ.

“ಕಿವಿ ಹೋದ್ರೆ ಹೋಯ್ತು ಕಣೇ. ನಿಮ್ಮಮ್ಮನ ಬೈಗುಳ ಅರ್ಧ ಉಳೀತು ನೋಡು,” ಎಂದಳು ಅಜ್ಜಿ. ಆಮೇಲೆ ಅವಳ ತಲೆ ನೇವರಿಸುತ್ತ, “ಆದ್ರೆ ಆ ಹುಡುಗನ ಹೆಸರು ಕೆಟ್ಟಿದ್ದು ನಿನ್ನಿಂದ. ಅದಕ್ಕೇನ್ ಮಾಡ್ತೀಯ?”

ಬೆಳಿಗ್ಗೆ ಡಾಕ್ಟರಮ್ಮನ ಚೀಟಿಯನ್ನು ಮುಖ್ಯಸ್ಥೆಯ ಮುಂದಿಟ್ಟಳು.

“ತಪ್ಪು ಅವರದ್ದಲ್ಲ ಮೇಡಂ. ನನ್ನ ಎಡಗಿವೀದು.”

ಮುಖ್ಯಸ್ಥೆ ಚೀಟಿಯನ್ನು ಎರಡು ಸಲ ಓದಿದರು. “ಅವರನ್ನ ಉಳಿಸ್ಕೋತೀನಿ. ನಿನ್ನನ್ನ...”

“ಗೊತ್ತು ಮೇಡಂ. ಇವತ್ತೊಂದು ದಿನ ಕೊಡಿ. ಒಂದು ವರದಿ ಬಾಕಿ ಇದೆ.”

ಅವನು ತನ್ನ ಮೇಜಿನ ಸಾಮಾನು ಕಟ್ಟುತ್ತಿದ್ದ. ಅವಳು ಎದುರು ನಿಂತು ಎಲ್ಲ ಹೇಳಿದಳು. ಅವನ ಕೈಯಲ್ಲಿದ್ದ ತಂತಿಯ ಸುರುಳಿ ಹಾಗೇ ನಿಂತಿತು.

“ಮೊದಲೇ ಯಾಕೆ ಹೇಳಲಿಲ್ಲ?”

“ನನ್ನ ಹತ್ರ ಇದ್ದಿದ್ದೇ ಕಿವಿ. ಅದೂ ಇಲ್ಲ ಅಂದ್ರೆ ನೀವು ನನ್ನಲ್ಲಿ ಏನನ್ನ ನಂಬ್ತೀರ ಅನ್ಕೊಂಡೆ.”

ಅವನು ಸುರುಳಿಯನ್ನು ಮೇಜಿನ ಮೇಲಿಟ್ಟ.

“ಮೊದಲನೇ ಮಾದರಿ ಇದೆಯಾ? ನಾನು ಕೆಡಿಸೋಕೆ ಮುಂಚಿನದು,” ಎಂದಳು. “ಮೂರು ಗಂಟೆ ಅಂತ ಮಾತು ಕೊಟ್ಟಿದ್ದೆ.”

ಕೇಳುವ ಕೋಣೆಯಲ್ಲಿ ಅವಳು ಎರಡೂ ಕಿವಿಗೆ ಇಟ್ಟುಕೊಂಡಳು. ಅವನು ಅವಳ ಎಡಕ್ಕೆ ಕುಳಿತಿದ್ದವನು ಎದ್ದು, ಕುರ್ಚಿಯನ್ನು ಬಲಕ್ಕೆ ಎಳೆದುಕೊಂಡ. ಕಣ್ಣೀರು ಹಾಳೆಯ ಮೇಲೆ ಬೀಳದಂತೆ ಅವಳು ಮುಖ ಹೊರಳಿಸಿದಳು. ಬಲಗಿವಿಯಲ್ಲಿ ವೀಣೆಯ ತಂತಿ ಒಂದೊಂದೇ ಬಿಡಿಸಿಕೊಂಡಿತು. ಎಡಗಡೆ, ಮುಚ್ಚಿದ ಬಾಗಿಲಾಚೆಯ ಗೊಣಗು.

ಮೂರು ಗಂಟೆ ಕಳೆಯಿತು. ತೆಗೆದಿಟ್ಟು ಬರೆಯತೊಡಗಿದಳು.

‘ದನಿ: ಬಲಗಿವಿಗೆ ಒಂಬತ್ತು. ಎಡಗಿವಿಯ ಅಂಕ ಕೊಡಲು ನಾನು ಅರ್ಹಳಲ್ಲ.’

“ಹಿತಕ್ಕೆ?” ಎಂದು ಕೇಳಿದ.

“ಅದಕ್ಕೆ ಎರಡೂ ಕಿವಿ ಅರ್ಹ. ಕೇಳದೇ ಇರೋ ಕಿವಿಗೂ ನೋವು ಗೊತ್ತಾಗುತ್ತಲ್ಲ. ಎಲ್ಲೂ ಒತ್ತಿಲ್ಲ, ಕುಟುಕಿಲ್ಲ. ಹತ್ತು.”

“ನಾಳೆಯಿಂದ ನೀವಿಲ್ಲಿ ಇರಲ್ಲ.”

“ಇಲ್ಲ.”

“ನನ್ನ ಜೊತೆ ಇರ್ತೀರಾ? ಕರುಣೆ ಅಲ್ಲ ಇದು. ಆ ಹೆಗ್ಗಣದ ದಿನದಿಂದಲೇ ಕೇಳಬೇಕು ಅಂತಿದ್ದೆ.”

ಅವಳು ಬಲಗಿವಿ ಮುಟ್ಟಿಕೊಂಡಳು. “ಬಲಗಡೇನೂ ಹೋದ್ರೆ?”

“ಬರೆದು ತೋರಿಸ್ತೀನಿ. ನನ್ನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು... ಅದೊಂದನ್ನ ತಾಳ್ಕೋಬೇಕು.”

ಅವಳು ಅವನ ಸುಟ್ಟ ಬೆರಳನ್ನು ಹಿಡಿದುಕೊಂಡಳು. ಇನ್ನೊಂದು ಕೈಯಿಂದ ವರದಿಯ ಕೆಳಗೆ ಸಹಿ ಹಾಕಿದಳು.