ಹಲ್ಲಿ ಕೇಳಬಾರದ ಹೆಸರು

ಬಹಳ ಹಿಂದೆ, ಗುಡ್ಡಗಳಿಗೆಲ್ಲ ಇನ್ನೂ ಹೆಸರಿಟ್ಟು ಮುಗಿದಿರಲಿಲ್ಲ ನೋಡಿ, ಆಗ ಹೊಂಬಳಗಡ ಎಂಬೊಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಒಂದು ಹರಕು ಕಿವಿಯ ಹುಲಿ ಗಂಟುಬಿದ್ದಿತ್ತು. ಬೇಲಿ ಹಾರಿತು, ಕದ ಮುರಿಯಿತು, ಮಲಗಿದವರನ್ನು ಎತ್ತಿಕೊಂಡು ಹೋಯಿತು. ಆ ಊರಿನ ಬಾಳವ್ವ ಎಂಬವಳ ಗಂಡನೂ ಅದರ ಬಾಯಿಗೇ ಹೋದ.

ಆಗ ಬೂದಿಮುಖನೆಂಬ ಮಾಂತ್ರಿಕ ರಾಜನ ಬಳಿ ಬಂದ. "ಮನೆಮನೆಯಲ್ಲೂ ನನ್ನದೊಂದು ಹಲ್ಲಿ ಇರಲಿ. ಅದು ಕಂಡದ್ದು ನನಗೆ ಕಾಣುತ್ತದೆ, ಕೇಳಿದ್ದು ನನಗೆ ಕೇಳುತ್ತದೆ. ಹುಲಿ ಹೊಸ್ತಿಲು ಮುಟ್ಟುವ ಮೊದಲೇ ಓಡಿಸುತ್ತೇನೆ" ಎಂದ. ಅದಕ್ಕೆ ಕೂಲಿ ಹುಟ್ಟಿದ ಕೂಸುಗಳ ದನಿ. ತೊಟ್ಟಿಲ ಶಾಸ್ತ್ರದ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಉಸುರುತ್ತಾಳಲ್ಲ, ಆ ಹೆಸರು ಹಲ್ಲಿಯ ಕಿವಿಗೂ ಬಿದ್ದರೆ ಮುಗಿಯಿತು, ಕೂಸು ಮೂಕ. ಮೂಕವಾದರೂ ಚಿಂತೆಯಿಲ್ಲ, ಬದುಕಿರಲಿ ಎಂದರು ಜನ. ರಾಜನೂ ಅದನ್ನೇ ಅಂದ. ಬಾಳವ್ವ ಎಲ್ಲರಿಗಿಂತ ಗಟ್ಟಿಯಾಗಿ ಅಂದಳು. ಗಂಡನನ್ನು ಕಳೆದುಕೊಂಡವಳು, ಇನ್ನೇನು ಅಂದಾಳು ಪಾಪ!

ಹುಲಿ ಮತ್ತೆ ಬರಲಿಲ್ಲ. ಸುಳ್ಳು ಯಾಕೆ ಹೇಳಲಿ, ಬರಲೇ ಇಲ್ಲ. ಆದರೆ ಗಂಡಹೆಂಡಿರು ಜಗಳ ಬಿಟ್ಟರು. ಸೊಸೆಯಂದಿರಿಗೆ ಅತ್ತೆಯನ್ನು ಬಾಯ್ತುಂಬ ಬೈಯುವ ಸುಖವೂ ಹೋಯಿತು. ಮನೆಯೊಳಗೂ ಮೈ ಬಿಗಿಹಿಡಿದು ಕೂತು ಕೂತು ರಾಜ್ಯಕ್ಕೆ ರಾಜ್ಯವೇ ದಣಿಯಿತು.

ಬಾಳವ್ವನ ತಮ್ಮನ ಮೊದಲ ಎರಡು ಮಕ್ಕಳಿಗೆ ಅವಳೇ ಹೆಸರು ಉಸುರಿದ್ದಳು. ಎರಡೂ ಮೂಕ. ಈಗ ಮೂರನೆಯದರ ತೊಟ್ಟಿಲ ದಿನ ಬಂತು. ಕೂಸು ಕಿಟಾರನೆ ಅಳುತ್ತಿತ್ತು. ಅದರ ತಾಯಿ ದ್ಯಾಮವ್ವ ಬಾಳವ್ವನ ಕಾಲಿಗೆ ಬಿದ್ದಳು.

"ಅಕ್ಕಾ, ಈ ದನಿ ಒಂದಾದರೂ ಉಳಿಸಿಕೊಡ್ರಿ."

"ಏಳವ್ವಾ, ಬಾಣಂತಿ ನೆಲದ ಮ್ಯಾಲೆ ಕೂಡಬಾರದು. ರಾಜನ್ನ ಕೇಳಿ ಬರ್ತೀನಿ. ನಾ ಬರೋತನಕ ಕೂಸಿಗೆ ಹೆಸರು ಬ್ಯಾಡ" ಎಂದಳು ಬಾಳವ್ವ.

ನೋಯುವ ಮಂಡಿ ಎಳೆದುಕೊಂಡು ಅರಮನೆಗೆ ನಡೆದಳು. ಅರಮನೆಗೆ ಮೂರು ಬಾಗಿಲು, ಮೂರಕ್ಕೂ ಮಾಂತ್ರಿಕನ ಪ್ರಾಣಿಗಳ ಕಾವಲು.

ಮೊದಲ ಬಾಗಿಲಲ್ಲಿ ಎರಡು ತಲೆಯ ನಾಯಿ. "ಒಂದು ಗುಟ್ಟು ಕೊಡು, ಒಳಗೆ ನಡೆ" ಎಂದಿತು. ಚಿಕ್ಕಂದಿನಲ್ಲಿ ಬೆಲ್ಲ ಕದ್ದು ತಮ್ಮನ ಮೇಲೆ ಹೊರಿಸಿದ್ದನ್ನು ಬಾಳವ್ವ ಹೇಳಿದಳು. ಹೇಳಿದ್ದೇ ತಡ, ಅದು ಅವಳ ನೆನಪಿನಿಂದಲೇ ಅಳಿಸಿಹೋಯಿತು.

ಎರಡನೆಯ ಬಾಗಿಲಲ್ಲಿ ಹೆಬ್ಬಾವು. "ಒಂದು ಗುಟ್ಟು ಕೊಡು, ಒಳಗೆ ನಡೆ. ದೊಡ್ಡದು ಬೇಕು" ಎಂದಿತು. ಮದುವೆಯ ಹೊಸತರಲ್ಲಿ ಗಂಡ ಕಿವಿಯಲ್ಲಿ ಹೇಳಿದ ಮಾತೊಂದಿತ್ತು. ಅದನ್ನೂ ಕೊಟ್ಟಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಏನು ಕಳೆದುಕೊಂಡೆ ಎಂದು ತಿಳಿಯದೆ ಅಳು ಬಂತು.

ಮೂರನೆಯ ಬಾಗಿಲಲ್ಲಿ ಗೂಬೆ. "ಆ ಕೂಸಿಗೆ ಇಡುವ ಹೆಸರು ಕೊಡು, ಒಳಗೆ ನಡೆ" ಎಂದಿತು.

"ಕೊಡೂದಿಲ್ಲ. ಅದು ನಂದಲ್ಲ, ಕೂಸಿಂದು."

"ತಪ್ಪು ಮಾಡದವಳು ಮುಚ್ಚಿಡುವುದೇಕೆ?"

"ನಾನು ಸೀರೆ ಉಟ್ಟೀನಿ. ಮೈಯಾಗ ತಪ್ಪೈತಿ ಅಂತ ಉಟ್ಟೀನೇನು?" ಬಾಳವ್ವ ಸುಸ್ತಾಗಿ ಮೆಟ್ಟಿಲ ಮೇಲೆ ಕುಸಿದಳು. "ಎಲ್ಲಾ ಕಂಡ ಗೂಬೆಯಪ್ಪಾ, ಹಲ್ಲಿ ಇಲ್ಲದ ಮನಿ ಯಾವುದು ಹೇಳು."

ಗೂಬೆ ಕತ್ತು ಸುತ್ತ ತಿರುಗಿಸಿತು. "ನನ್ನ ಒಡೆಯನದು" ಎಂದಿತು.

"ಅದರಾಗ ಏನೈತಿ?"

"ಗೊತ್ತಿಲ್ಲ."

ಬಾಗಿಲು ಒಳಗಿನಿಂದ ತೆರೆಯಿತು. ನಿದ್ದೆಗೆಟ್ಟು ಕಣ್ಣು ಗುಳಿಬಿದ್ದ ರಾಜ ನಿಂತಿದ್ದ. "ನನಗೂ ಗೊತ್ತಿಲ್ಲ. ಹೋಗಿ ನೋಡಿ ಬಾ" ಎಂದು ಗೂಬೆಗೆ ಹೇಳಿದ.

ಗೂಬೆ ಹಾರಿಹೋಗಿ ಬಂತು. "ನೆಲಕ್ಕೆ ಹುಲಿಚರ್ಮ ಹಾಸಿದೆ ಮಹಾರಾಜ. ಒಂದು ಕಿವಿ ಹರಿದಿದೆ. ಚರ್ಮಕ್ಕೆ ಹುಳು ಹಿಡಿದಿದೆ."

ಹಲ್ಲಿಗಳು ಬಂದ ಮೊದಲ ಬೇಸಿಗೆಯಲ್ಲೇ ಹುಲಿ ಮುದಿಯಾಗಿ ಸತ್ತಿತ್ತು! ಮಾಂತ್ರಿಕ ತುಟಿ ಬಿಚ್ಚಿರಲಿಲ್ಲ. ಬಿಚ್ಚಿದರೆ ಹಲ್ಲಿಗಳಿಗೇನು ಕೆಲಸ, ಅವನಿಗೆಲ್ಲಿಯ ದನಿ? ಬಾಳವ್ವನಿಗೆ ಸಿಟ್ಟು ಕೂಡ ಬರಲಿಲ್ಲ. "ಸತ್ತ ಹುಲಿಗೆ ಎರಡು ಮಕ್ಕಳ ದನಿ ಕೊಟ್ನೆಲ್ಲೋ ಶಿವನೇ" ಎಂದು ಹಣೆ ಹಿಡಿದುಕೊಂಡಳು.

ಮಾಂತ್ರಿಕನ ಮನೆಗೂ ಒಂದು ಹಲ್ಲಿ ಬಿಡಿ ಎಂದು ರಾಜ ಅಪ್ಪಣೆ ಮಾಡಿದ. ಕಂಡವರ ಗುಟ್ಟು ತಿಂದು ಬದುಕಿದವನು ತನ್ನ ಗುಟ್ಟು ಬಯಲಾದರೆ ಉಳಿದಾನೆಯೇ? ಹಲ್ಲಿ ಅವನತ್ತ ಕಣ್ಣು ತಿರುಗಿಸಿತು, ಅವನು ಬೂದಿಯಾಗಿ ಉದುರಿದ, ಮನೆಮನೆಯ ಹಲ್ಲಿಗಳು ಬರಿಯ ಹಲ್ಲಿಗಳಾದವು. ಕದ್ದ ದನಿಗಳೆಲ್ಲ ಹಾರಿ ತಮ್ಮ ತಮ್ಮ ಗಂಟಲು ಸೇರಿದವು. ಬಾಳವ್ವನ ಗಂಡನ ಮಾತೂ ಅವಳಿಗೆ ಮರಳಿತು. ಏನು ಮಾತು ಅಂತ ನನ್ನನ್ನು ಕೇಳಬೇಡಿ.

"ನಾಳೆ ಇನ್ನೊಂದು ಹುಲಿ ಬಂದರೆ?" ಎಂದು ರಾಜ ಕೇಳಿದ.

"ಬಂದರೂ ಬಂದೀತು ದೊರೆಯೇ. ಕೋಟೆ ಮ್ಯಾಲೆ ಕಾವಲು ಇಡ್ರಿ, ಬೀದಿಯೊಳಗೂ ಇಡ್ರಿ. ಹೊಸ್ತಿಲ ಒಳಗ ನಮ್ಮದು. ಸಂಶಯ ಬಂದರ ಕದ ಬಡೀರಿ, ತೆಗೀತೀವಿ."

ರಾಜ ಹೂಂ ಎಂದ. ಎಂದವನು ಅಲ್ಲೇ ಕಂಬಕ್ಕೊರಗಿ ಗೊರಕೆ ಹೊಡೆದ.

ಬಾಳವ್ವ ಮನೆಗೆ ಬಂದು ತೊಟ್ಟಿಲಿಗೆ ಬಾಗಿ ಕುರ್ರ್ ಎಂದಳು. ಶಾಸ್ತ್ರದಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. ಕೂಸು ಊರು ಒಂದಾಗುವಂತೆ ಚೀರಿತು. ದನಿ ಬಂದರೂ ಏನು ಆಡಬೇಕೆಂದು ತಿಳಿಯದೆ ಮೂಲೆಯಲ್ಲಿ ಕೂತಿದ್ದ ದೊಡ್ಡ ಹುಡುಗ ಎರಡೂ ಕಿವಿ ಮುಚ್ಚಿಕೊಂಡು ತನ್ನ ಮೊದಲ ಮಾತು ಆಡಿದ.

"ಅವ್ವಾ, ಇದನ್ನ ಸುಮ್ಮನಿರಸು!"

ದ್ಯಾಮವ್ವ ಕೂಸನ್ನು ಬಿಟ್ಟು ಅವನನ್ನು ಅಪ್ಪಿಕೊಂಡಳು. "ಇನ್ನೊಮ್ಮೆ ಅನ್ನೋ ನನ್ನಪ್ಪಾ, ಇನ್ನೊಮ್ಮೆ ಅನ್ನು" ಎಂದು ಅತ್ತಳು.

ಅಂದಿನಿಂದ ಹೊಂಬಳಗಡದವರು ಕದ ಹಾಕಿಕೊಂಡು ಸುಖವಾಗಿದ್ದರು. ಒಳಗೆ ಏನು ಮಾತಾಡಿದರೋ, ಕತೆ ಹೇಳುವ ನನಗೂ ಗೊತ್ತಿಲ್ಲ.