ಐದು ಓಕಾ ಗೋಧಿಯ ನೋಟು

೧೯೪೭ರ ಫೆಬ್ರವರಿ, ಸೋಮವಾರ. ಠಾಣೆಯ ಬಾಗಿಲು ತೆಗೆಯುವಷ್ಟರಲ್ಲಿ ಗಿರಣಿಯ ಝೀಸಿಸ್ ಬುಸುಗುಡುತ್ತ ಒಳಗೆ ನುಗ್ಗಿದ.

“ಉಗ್ರಾಣದಿಂದ ಐದು ಓಕಾ ಗೋಧಿ ಹೊತ್ಕೊಂಡು ಹೋಗಿದಾರೆ, ಸಾಹೇಬ್ರೇ. ಚೀಲದಲ್ಲಿ ಇದನ್ನ ಇಟ್ಟಿದಾರೆ!”

ಸಾರ್ಜೆಂಟ್ ವೆರ್ಗೋಸ್ ಚೀಟಿ ಬಿಡಿಸಿದವನೇ ಅಂಗೈಯಲ್ಲಿ ಮುಚ್ಚಿಕೊಂಡ. ಜರ್ಮನರ ಕಾಲದಲ್ಲಿ ಬೆಟ್ಟದ ಹೋರಾಟಗಾರರು ಅಚ್ಚು ಹಾಕಿಸಿದ ನೋಟು. ಗ್ರೀಸಿನ ದುಡ್ಡು ದ್ರಾಖ್ಮಾಕ್ಕೆ ಕಿಮ್ಮತ್ತೇ ಇಲ್ಲದ ದಿನಗಳವು. ನೋಟಿನ ಬೆಲೆಯನ್ನು ಗೋಧಿಯಲ್ಲೇ ಬರೆದಿದ್ದರು: ಐದು ಓಕಾ, ಅಂದರೆ ಸುಮಾರು ಆರೂವರೆ ಕಿಲೋ. ಈಗ ಆ ಹೋರಾಟಗಾರರೇ ಸರ್ಕಾರದ ವೈರಿಗಳು. ಅವರ ನೋಟು ಇಟ್ಟುಕೊಂಡವರನ್ನು ದ್ವೀಪಕ್ಕೆ ಗಡೀಪಾರು ಮಾಡುತ್ತಾರೆ.

“ಯಾರಿಗಾದ್ರೂ ತೋರಿಸಿದ್ಯಾ?”

“ಊರಿಗೆಲ್ಲ ತೋರಿಸ್ಕೊಂಡೇ ಬಂದೆ!”

ಹಾಳಾದವನು! ಇನ್ನು ಮುಚ್ಚಿಹಾಕುವಂತಿರಲಿಲ್ಲ. ಎಫ್‌ಐಆರ್ ದಾಖಲಾಯಿತು. ಉಗ್ರಾಣದ ಪಂಚನಾಮೆ: ಬೀಗ ಭದ್ರ, ಕಿಟಕಿಯ ಸರಳು ಸಡಿಲ. ಗುರುವಾರದ ನಂತರ ಝೀಸಿಸ್ ಅತ್ತ ಸುಳಿದಿರಲಿಲ್ಲ.

“ಮನೆಮನೆ ಜಾಲಾಡೋಣ್ವಾ ಸಾರ್?” ಎಂದ ಕಾನ್‌ಸ್ಟೇಬಲ್ ಲಿಯಾಕೋಸ್.

“ಬೇಡ. ಶನಿವಾರ ಚರ್ಚಲ್ಲಿ ಏನು ತಿಂದೆ, ಜ್ಞಾಪಿಸ್ಕೋ.”

ಸತ್ತವರನ್ನು ನೆನೆಯುವ ಆ ಶನಿವಾರ ಹೆಂಗಸರು ಗೋಧಿ ಬೇಯಿಸಿ ತಂದು, ಪ್ರಾರ್ಥನೆ ಮಾಡಿಸಿ, ಬಂದವರಿಗೆಲ್ಲ ಹಂಚುತ್ತಾರೆ; ತಿಂದವರು ‘ದೇವರು ಕ್ಷಮಿಸಲಿ’ ಎಂದರೆ ಅದು ಸತ್ತವರಿಗೆ ಮುಟ್ಟುತ್ತದೆ. ಈ ವರ್ಷ ಗಿರಣಿ ಬಿಟ್ಟರೆ ಊರಲ್ಲಿ ಗೋಧಿಯೇ ಇಲ್ಲ. ಎಲ್ಲರೂ ಮೆಕ್ಕೆಜೋಳ ಬೇಯಿಸಿದ್ದರು.

ಲಿಯಾಕೋಸ್ ಬಾಯಿ ಒರೆಸಿಕೊಂಡ. “ಒಂದೇ ತಟ್ಟೇಲಿ ಗೋಧಿ ಇತ್ತು. ಫ್ರೋಸೋ ಅಜ್ಜೀದು. ಎರಡು ಸಲ ಇಸ್ಕೊಂಡೆ ಸಾರ್.”

“ನಾನೂ ತಿಂದೆ ಕಣಯ್ಯ.”

ವಿಧವೆ ಫ್ರೋಸೋ ಬಾಗಿಲಲ್ಲೇ ಒಪ್ಪಿಕೊಂಡಳು.

“ಹೂಂ, ತಗೊಂಡೆ. ನೋಟು ಇಟ್ಟೇ ತಗೊಂಡೆನಪ್ಪ.”

“ಅದು ಎಲ್ಲಿಂದ ಬಂತು?”

“ಯುದ್ಧದಲ್ಲಿ ನಮ್ಮನೆ ಗೋಧಿ ತಗೊಂಡು ನನ್ನ ಮಗ ಲಾಂಬ್ರೋನೇ ಕೈಯಾರೆ ಕೊಟ್ಟಿದ್ದು. ಗೆದ್ದ ಮೇಲೆ ಇದಕ್ಕೆ ಗೋಧಿ ಸಿಗುತ್ತಮ್ಮ ಅಂದಿದ್ದ.”

ಬೆಟ್ಟದ ಹೋರಾಟಗಾರನಾಗಿದ್ದ ಆ ಮಗನನ್ನು ಕ್ರಿಸ್‌ಮಸ್‌ಗೆ ಮುಂಚೆ ಸರ್ಕಾರ ಗುಂಡಿಟ್ಟು ಕೊಂದಿತ್ತು. ವೆರ್ಗೋಸನಿಗೆ ಸಂಕಟವೂ ಸಿಟ್ಟೂ ಒಟ್ಟಿಗೇ ಬಂದವು.

“ಅಯ್ಯೋ ಅಜ್ಜಿ, ಸುಮ್ಮನೆ ಕದ್ದಿದ್ರೆ ನಾಲ್ಕು ದಿನ ಲಾಕಪ್ಪು, ಅಷ್ಟೇ. ಆ ಕಾಗದ ಯಾಕೆ ಇಟ್ರಿ?”

“ಕದ್ದ ಗೋಧಿ ನನ್ನ ಮಗನಿಗೆ ಮುಟ್ಟುತ್ತೇನಪ್ಪಾ? ನೀನೇ ತಿಂದು, ದೇವರು ಅವನನ್ನ ಕ್ಷಮಿಸಲಿ ಅಂದೆಯಲ್ಲ. ನನಗಷ್ಟು ಸಾಕು.”

ಲಿಯಾಕೋಸ್ ಅವಳ ಕೈ ಕಟ್ಟಲು ಹಗ್ಗ ತೆಗೆದ, ವೆರ್ಗೋಸ್ ಬೇಡವೆಂದ. ಮುದುಕಿ ಒಲೆಯ ಕೆಂಡಕ್ಕೆ ನೀರು ಹೊಯ್ದು, ಶಾಲು ಹೊದ್ದು, ಹೊಸ್ತಿಲು ದಾಟಿದಳು.

“ದ್ವೀಪದಲ್ಲೇ ಸತ್ತರೆ ನನಗೆ ಗೋಧಿ ಬೇಯ್ಸೋರು ಯಾರಪ್ಪ?”

ವೆರ್ಗೋಸ್ ಅವಳ ಮನೆಯ ಬಾಗಿಲು ಎಳೆದು ಹಾಕಿದ. ಸಂಜೆ ವರದಿಯಲ್ಲಿ ಬರೆದ: ಆರೋಪಿ ತಪ್ಪೊಪ್ಪಿಕೊಂಡಿದ್ದಾಳೆ. ಮಾಲು ಪತ್ತೆಯಾಗಿಲ್ಲ.